ಶೆರಿಫ್ ಡೆಪ್ಯುಟಿಗೆ ಬಾಸ್ ಯಾರು?

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಇದು ಗೊತ್ತಿರುತ್ತದೆ. ಆ ಊರಿಗೆ ಸ್ವಂತ ಪೊಲೀಸ್ ಇಲಾಖೆಯೇ ಇಲ್ಲ. ಆಪಲ್ ಕಂಪನಿಯ ಹೆಡ್ಡಾಫೀಸು ಇರುವ ಊರು, ದುಡ್ಡಿಗೇನೂ ಬರವಿಲ್ಲ. ಆದರೂ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರೆ ಬಾಗಿಲಿಗೆ ಬರುವುದು ಸಾಂಟಾ ಕ್ಲಾರಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಶೆರಿಫ್ ಗಾಡಿ. ಪಕ್ಕದ ಸನಿವೇಲ್‌ನದು ಇನ್ನೊಂದು ಲೆಕ್ಕ. ಅಲ್ಲಿ ಪೊಲೀಸರೂ ಬೆಂಕಿ ಆರಿಸುವವರೂ ಒಂದೇ ಇಲಾಖೆ, ಒಬ್ಬನೇ ಆಫೀಸರ್‌ಗೆ ಎರಡೂ ತರಬೇತಿ. ದೇಶದ ಆ ತುದಿಯಲ್ಲಿ, ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ಗಸ್ತು ತಿರುಗುವುದು ಲೌಡನ್ ಕೌಂಟಿಯ ಶೆರಿಫ್ ಕಡೆಯವರು. ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಗೆ ದಾಟಿದರೆ ಕೌಂಟಿ ಪೊಲೀಸ್. ಅಲ್ಲೂ ಶೆರಿಫ್ ಇದ್ದಾರೆ, ಆದರೆ ಅವರ ಪಾಲಿಗೆ ಬಂದಿರುವುದು ಜೈಲು ಮತ್ತು ಕೋರ್ಟು.

ಇಷ್ಟೆಲ್ಲ ಬಗೆ ಇರುವಾಗ ಗೊಂದಲ ಆಗುವುದು ಸಹಜ. ಶೆರಿಫ್ ಕೈಕೆಳಗೆ ಕೆಲಸ ಮಾಡುವ ಆಫೀಸರ್‌ಗೆ ಡೆಪ್ಯುಟಿ ಅನ್ನುತ್ತಾರೆ. ಒಬ್ಬರು 'ಡೆಪ್ಯುಟಿ ಅಂದ್ರೆ ಅರ್ಧ ಪೊಲೀಸ್, ಟ್ರೈನಿಂಗ್ ಕಮ್ಮಿ' ಅನ್ನುತ್ತಾರೆ. ಇನ್ನೊಬ್ಬರು 'ಶೆರಿಫೇ ಎಲ್ಲರಿಗಿಂತ ಮೇಲು, ಊರಿನ ಪೊಲೀಸರು ಅವನ ಕೈಕೆಳಗೆ' ಅನ್ನುತ್ತಾರೆ. ಎರಡೂ ತಪ್ಪು. ನನ್ನ ಪ್ರಕಾರ ತರಬೇತಿಯ ಗಂಟೆ ಎಣಿಸುತ್ತಾ ಕೂತರೆ ವಿಷಯ ಕೈಗೆ ಸಿಗುವುದೇ ಇಲ್ಲ. ಆ ಡೆಪ್ಯುಟಿಗೆ ಆರ್ಡರ್ ಕೊಡುವವರು ಯಾರು, ತಪ್ಪಾದರೆ ಅವರನ್ನು ಮನೆಗೆ ಕಳಿಸುವವರು ಯಾರು, ಅಲ್ಲಿ ನೋಡಬೇಕು.

ಮೊದಲು ಶೆರಿಫ್ ಅಂದರೆ ಏನು ಕೆಲಸ ಅನ್ನುವುದು. ನಮ್ಮಲ್ಲಿ ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಇಲಾಖೆ. ಬೀದರ್‌ನ ಕಾನ್‌ಸ್ಟೆಬಲ್‌ಗೂ ಬೆಂಗಳೂರಿನ ಕಾನ್‌ಸ್ಟೆಬಲ್‌ಗೂ ತುದಿಯಲ್ಲಿ ಕೂತಿರುವವರು ಒಬ್ಬರೇ ಡಿಜಿ. ಜೈಲಿಗೆ ಕಾರಾಗೃಹ ಇಲಾಖೆ ಬೇರೆ. ಕೋರ್ಟಿನ ನೋಟಿಸು ಮನೆಗೆ ತರುವವನು ಅಮೀನ. ಅಮೆರಿಕದ ಬಹಳಷ್ಟು ಕೌಂಟಿಗಳಲ್ಲಿ ಶೆರಿಫ್ ಆಫೀಸು ಈ ಮೂರೂ ಕೆಲಸ ಮಾಡುತ್ತದೆ. ಜೈಲು ನಡೆಸುತ್ತದೆ, ಕೋರ್ಟಿಗೆ ಕಾವಲು ಕೊಡುತ್ತದೆ, ಸಮನ್ಸ್ ಮುಟ್ಟಿಸುತ್ತದೆ, ಬಾಡಿಗೆ ಕಟ್ಟದವರನ್ನು ಕೋರ್ಟ್ ಆದೇಶದಂತೆ ಮನೆಯಿಂದ ಹೊರಗೆ ಕಳಿಸುತ್ತದೆ, ಯಾವ ನಗರಕ್ಕೂ ಸೇರದ ಜಾಗಗಳಲ್ಲಿ ಗಸ್ತೂ ತಿರುಗುತ್ತದೆ. ಇಷ್ಟೆಲ್ಲದರ ಯಜಮಾನ ಓಟು ಕೇಳಿ ಗೆದ್ದು ಬಂದವನು. ಅಮೆರಿಕದಲ್ಲಿ ಸುಮಾರು 3,000 ಶೆರಿಫ್ ಆಫೀಸುಗಳಿವೆ, ಹೆಚ್ಚಿನವುಗಳಲ್ಲಿ ಶೆರಿಫ್ ಚುನಾವಣೆಯಲ್ಲಿ ಆರಿಸಿ ಬಂದವರೇ. ಊರಿನ ಪೊಲೀಸ್ ಚೀಫ್ ಹಾಗಲ್ಲ, ಅವರನ್ನು ಮೇಯರ್ ಅಥವಾ ಸಿಟಿ ಮ್ಯಾನೇಜರ್ ನೇಮಿಸುತ್ತಾರೆ.

(ಶೆರಿಫ್ ಅನ್ನುವ ಹುದ್ದೆ ಮುಂಬೈ, ಕೋಲ್ಕತ್ತಾಗಳಲ್ಲೂ ಇದೆ, ಸುನಿಲ್ ಗವಾಸ್ಕರ್ ಕೂಡ ಒಂದು ಕಾಲಕ್ಕೆ ಮುಂಬೈ ಶೆರಿಫ್ ಆಗಿದ್ದರು. ಅದು ಬರೀ ಗೌರವದ ಹುದ್ದೆ. ಇದಕ್ಕೂ ಅದಕ್ಕೂ ತಾಳೆ ಹಾಕಬೇಡಿ.)

ಈಗ ತರಬೇತಿ. ಪ್ರತಿ ರಾಜ್ಯದಲ್ಲೂ ಪೊಲೀಸ್ ತರಬೇತಿಗೆ ಕನಿಷ್ಠ ಇಷ್ಟು ಅಂತ ನಿಯಮ ಮಾಡುವ ಒಂದು ಮಂಡಳಿ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೂಲ ಕೋರ್ಸು ಕನಿಷ್ಠ 664 ಗಂಟೆ. ಗಸ್ತಿಗೆ ಹೋಗುವ ಡೆಪ್ಯುಟಿಗೂ ಅದೇ, ನಗರದ ಪೊಲೀಸರಿಗೂ ಅದೇ. ಫ್ಲಾರಿಡಾದಲ್ಲಿ 770 ಗಂಟೆ, ಅಲ್ಲೂ ಇಬ್ಬರಿಗೂ ಒಂದೇ. ಕೇಂದ್ರ ಸರ್ಕಾರದ ಅಂಕಿಅಂಶ ವಿಭಾಗ 2018ರಲ್ಲಿ ಲೆಕ್ಕ ಹಾಕಿದಾಗ ದೇಶದ ಅಕಾಡೆಮಿಗಳ ಸರಾಸರಿ ಮೂಲ ತರಬೇತಿ 833 ಗಂಟೆ ಇತ್ತು. ಎಷ್ಟೋ ಕಡೆ ಇಬ್ಬರೂ ಒಂದೇ ಅಕಾಡೆಮಿಯ ಒಂದೇ ಮೈದಾನದಲ್ಲಿ ಓಡಿದವರು. ಫೇರ್‌ಫ್ಯಾಕ್ಸ್ ಕೌಂಟಿಯ ಅಕಾಡೆಮಿಯಲ್ಲಿ ಕೌಂಟಿ ಪೊಲೀಸರು, ಶೆರಿಫ್ ಡೆಪ್ಯುಟಿಗಳು, ಹರ್ನ್‌ಡನ್ ಮತ್ತು ವಿಯೆನ್ನಾ ಎಂಬ ಸಣ್ಣ ಊರುಗಳ ಪೊಲೀಸರು ಎಲ್ಲರೂ ಕಲಿಯುತ್ತಾರೆ.

ಹಾಗಾದರೆ 'ಅರ್ಧ ಪೊಲೀಸ್' ಅನ್ನುವ ಮಾತು ಎಲ್ಲಿಂದ ಬಂತು? ಜೈಲಿನಿಂದ. ಎಷ್ಟೋ ಶೆರಿಫ್ ಆಫೀಸುಗಳಲ್ಲಿ ಜೈಲು ಕಾಯುವವರನ್ನೂ ಡೆಪ್ಯುಟಿ ಅಂತಲೇ ಕರೆಯುತ್ತಾರೆ, ಸಮವಸ್ತ್ರವೂ ಹೆಚ್ಚುಕಡಿಮೆ ಅದೇ. ಅವರ ಕೋರ್ಸು ಬೇರೆ, ಚಿಕ್ಕದು. ಫ್ಲಾರಿಡಾದಲ್ಲಿ ಅದು 420 ಗಂಟೆ, ಸರ್ಟಿಫಿಕೇಟೂ ಬೇರೆ. ಬೀದಿಯಲ್ಲಿ ನಿಂತು ನೋಡುವವರಿಗೆ ಯಾವ ಡೆಪ್ಯುಟಿ ಯಾವ ಬಗೆ ಅಂತ ತಿಳಿಯುವುದಾದರೂ ಹೇಗೆ?

ಲಾಸ್ ಏಂಜಲೀಸ್‌ನಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಅಲ್ಲಿನದು ದೇಶದಲ್ಲೇ ದೊಡ್ಡ ಶೆರಿಫ್ ಇಲಾಖೆ. ಹೊಸ ಡೆಪ್ಯುಟಿ ಪೂರ್ತಿ ಪೊಲೀಸ್ ತರಬೇತಿ ಮುಗಿಸುತ್ತಾನೆ, ಆಮೇಲೆ ಬೀದಿಗೆ ಹೋಗುವ ಬದಲು ವರ್ಷಗಟ್ಟಲೆ ಜೈಲಿನಲ್ಲಿ ಕೆಲಸ ಮಾಡುತ್ತಾನೆ. ಅಂದರೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗ ಜನರ ಜೊತೆ ಹೇಗೆ ಮಾತಾಡಬೇಕು, ಯಾವಾಗ ಕೈ ಎತ್ತಬೇಕು ಅನ್ನುವುದನ್ನು ಕೈದಿಗಳ ನಡುವೆ ಕಲಿತು, ಅದೇ ರೂಢಿಯನ್ನು ಹೊತ್ತುಕೊಂಡು ಬೀದಿಗೆ ಇಳಿಯುತ್ತಾನೆ. ಆ ಜೈಲುಗಳ ಹೊಡೆತ ಬಡಿತದ ಬಗ್ಗೆ 2012ರಲ್ಲಿ ವರದಿ ಕೊಟ್ಟ ನಾಗರಿಕ ಆಯೋಗ, ಜೈಲು ಕೆಲಸಕ್ಕೂ ಗಸ್ತಿಗೂ ಬೇರೆ ಬೇರೆ ದಾರಿ ಇರಲಿ ಅಂತ ಶಿಫಾರಸು ಮಾಡಿತು. ಆಗ ಶೆರಿಫ್ ಆಗಿದ್ದ ಲೀ ಬಾಕಾ ಆ ಜೈಲುಗಳ ಮೇಲಿನ ಎಫ್‌ಬಿಐ ತನಿಖೆಗೆ ಅಡ್ಡಿ ಮಾಡಿದ್ದಕ್ಕೆ 2017ರಲ್ಲಿ ಮೂರು ವರ್ಷದ ಶಿಕ್ಷೆಗೆ ಗುರಿಯಾದರು. ಅಕಾಡೆಮಿಯ ಪಠ್ಯದಲ್ಲಿ ಇದ್ಯಾವುದೂ ಕಾಣುವುದಿಲ್ಲ, ಅಲ್ವಾ?

ತರಬೇತಿ ಮತ್ತು ಬಾಸ್ ಎರಡೂ ಒಟ್ಟಿಗೆ ಬಯಲಾದ ಜಾಗ ಪಾರ್ಕ್‌ಲ್ಯಾಂಡ್. ಫೆಬ್ರವರಿ 14, 2018. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಈ ಊರಿನ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ನಡೆದು 17 ಜನ ಸತ್ತರು. ಪಾರ್ಕ್‌ಲ್ಯಾಂಡ್‌ಗೂ ಕ್ಯುಪರ್ಟಿನೋ ಥರ ಸ್ವಂತ ಪೊಲೀಸ್ ಇಲ್ಲ, ಬ್ರೋವರ್ಡ್ ಶೆರಿಫ್ ಜೊತೆ ಗುತ್ತಿಗೆ. ಪಕ್ಕದ ಕೋರಲ್ ಸ್ಪ್ರಿಂಗ್ಸ್‌ಗೆ ಸ್ವಂತ ಪೊಲೀಸ್ ಇದೆ. ಆ ದಿನ ಇಬ್ಬರೂ ಬಂದರು. ಶಾಲೆಯ ಡ್ಯೂಟಿಯಲ್ಲಿದ್ದ ಡೆಪ್ಯುಟಿ ಹೊರಗೇ ಉಳಿದರು, ಗುಂಡಿನ ಸದ್ದು ಕೇಳಿದ ಇನ್ನೂ ಕೆಲವು ಡೆಪ್ಯುಟಿಗಳು ಕೂಡ ಕಟ್ಟಡದ ಕಡೆ ನುಗ್ಗಲಿಲ್ಲ. ಕೋರಲ್ ಸ್ಪ್ರಿಂಗ್ಸ್ ಪೊಲೀಸರು ಬಂದವರೇ ಒಳಗೆ ಹೋದರು. ಅಷ್ಟು ಹೊತ್ತಿಗೆ ಗುಂಡು ಹಾರಿಸಿದವನು ಓಡಿಹೋಗಿದ್ದ, ಹಾಗಾಗಿ ಅವರು ಒಳಹೊಕ್ಕಿದ್ದರಿಂದ ದಾಳಿ ನಿಂತಿತು ಅಂತ ಹೇಳಲಾಗದು. ಆದರೆ ಒಳಗೆ ನುಗ್ಗುವಾಗ ಅವನು ಹೋಗಿದ್ದಾನೆ ಅಂತ ಅವರಿಗೆ ಗೊತ್ತಿರಲಿಲ್ಲ.

ರಾಜ್ಯ ನೇಮಿಸಿದ ತನಿಖಾ ಆಯೋಗದ ಅಧ್ಯಕ್ಷರೂ ಒಬ್ಬ ಶೆರಿಫೇ, ಪಿನೆಲಾಸ್ ಕೌಂಟಿಯ ಬಾಬ್ ಗ್ವಾಲ್ಟಿಯೇರಿ. ಹಾಗಾಗಿ ಇದು ಶೆರಿಫ್‌ಗಳ ಮೇಲಿನ ಹೊಟ್ಟೆಕಿಚ್ಚಿನಿಂದ ಬಂದ ವರದಿ ಅನ್ನುವ ಹಾಗಿಲ್ಲ. ಜನವರಿ 2019ರಲ್ಲಿ ಬಂದ ಆ ವರದಿಯಲ್ಲಿ ನನಗೆ ಮುಖ್ಯ ಅನಿಸಿದ್ದು ಎರಡು ವಿಷಯ. ಒಂದು, ಇಂಥ ದಾಳಿಯಾದರೆ ಏನು ಮಾಡಬೇಕು ಅನ್ನುವ ತರಬೇತಿ ಕೋರಲ್ ಸ್ಪ್ರಿಂಗ್ಸ್ ಪೊಲೀಸರ ಬಾಯಲ್ಲಿ ಸಲೀಸಾಗಿ ಬಂತು, ಬ್ರೋವರ್ಡ್‌ನ ಕೆಲವು ಡೆಪ್ಯುಟಿಗಳಿಗೆ ಆ ತರಬೇತಿ ಕೊನೆಯದಾಗಿ ಯಾವಾಗ ಆಯಿತು ಅನ್ನುವುದೇ ಸರಿಯಾಗಿ ನೆನಪಿರಲಿಲ್ಲ. ಎರಡು, ಬ್ರೋವರ್ಡ್ ಶೆರಿಫ್ ಇಲಾಖೆಯ ಲಿಖಿತ ನಿಯಮದಲ್ಲಿ ಡೆಪ್ಯುಟಿ ಒಳಗೆ ಹೋಗಿ ಎದುರಿಸ'ಬಹುದು' ಅಂತ ಇತ್ತು, ಎದುರಿಸ'ಬೇಕು' ಅಂತ ಇರಲಿಲ್ಲ. ಹಾಗೆ ಬರೆಸಿದ್ದು ಶೆರಿಫ್ ಸ್ಕಾಟ್ ಇಸ್ರೇಲ್ ಅವರೇ. ನನ್ನ ಜನ ಸಾಯಲೆಂದೇ ಒಳಗೆ ಹೋಗುವುದು ಬೇಡ ಅನ್ನುವುದು ಅವರ ವಾದವಾಗಿತ್ತು.

ನೋಡಿ, ಎರಡೂ ಕಡೆಯವರದು ಅದೇ ರಾಜ್ಯದ ಅದೇ ಮೂಲ ಕೋರ್ಸು. ವ್ಯತ್ಯಾಸ ಹುಟ್ಟಿದ್ದು ಆಮೇಲೆ. ತರಬೇತಿಯನ್ನು ಮತ್ತೆ ಮತ್ತೆ ಕೊಟ್ಟರಾ, ಹೇಗೆ ಕೊಟ್ಟರು, ನಿಯಮದಲ್ಲಿ ಏನು ಬರೆದರು ಅನ್ನುವುದರಲ್ಲಿ. ಇವೆಲ್ಲ ಮೇಲಿನವರ ನಿರ್ಧಾರ. ಅಧಿಕಾರದ ಗಡಿಯೂ ಅವತ್ತು ಕಾಲಿಗೆ ತೊಡರಿತು. ಪಾರ್ಕ್‌ಲ್ಯಾಂಡ್‌ನ ಮೊಬೈಲುಗಳಿಂದ ಹೋದ 911 ಕರೆಗಳು ಕೋರಲ್ ಸ್ಪ್ರಿಂಗ್ಸ್‌ನ ಕೇಂದ್ರಕ್ಕೆ ಬೀಳುತ್ತಿದ್ದವು, ಅಲ್ಲಿಂದ ಅವನ್ನು ಕೌಂಟಿಗೆ ದಾಟಿಸಬೇಕಿತ್ತು. ಎರಡೂ ಇಲಾಖೆಗಳ ರೇಡಿಯೋ ಬೇರೆ ಬೇರೆ. ಒಳಗೆ ಮಕ್ಕಳು, ಹೊರಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಎರಡು ದಳ.

ಇದರಿಂದ 'ಊರ ಪೊಲೀಸರೇ ವಾಸಿ' ಅಂತ ತೀರ್ಮಾನಕ್ಕೆ ಬರಬೇಡಿ. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ ಬಂದವರು ಒಟ್ಟು 376 ಅಧಿಕಾರಿಗಳು. ಊರ ಪೊಲೀಸರಿದ್ದರು, ಶೆರಿಫ್ ಕಡೆಯವರಿದ್ದರು, ಶಾಲೆಯ ಪೊಲೀಸರಿದ್ದರು, ರಾಜ್ಯದವರು, ಗಡಿ ಕಾಯುವವರೂ ಇದ್ದರು. ಎಲ್ಲ ಬಗೆಯ ತರಬೇತಿಯೂ ಅಲ್ಲಿ ಹಾಜರಿತ್ತು. ಆದರೂ 77 ನಿಮಿಷ ಹೋಯಿತು. ಅಲ್ಲಿ ಬಾಸ್ ಯಾರು ಅಂತಲೇ ತೀರ್ಮಾನವಾಗಿರಲಿಲ್ಲ.

ಅಧಿಕಾರದ ವಿಷಯಕ್ಕೆ ಬರೋಣ. ಇಲ್ಲಿ ಪೆನ್ಸಿಲ್ವೇನಿಯಾದಷ್ಟು ಸೊಗಸಾದ ಉದಾಹರಣೆ ಇನ್ನೊಂದಿಲ್ಲ. ಅಲ್ಲಿನ ಶೆರಿಫ್‌ಗಳನ್ನೂ ಜನ ಓಟು ಹಾಕಿ ಆರಿಸುತ್ತಾರೆ, ಡೆಪ್ಯುಟಿಗಳ ಸೊಂಟದಲ್ಲಿ ಬಂದೂಕೂ ಇರುತ್ತದೆ. ಆದರೆ ಅವರ ಮುಖ್ಯ ಕೆಲಸ ಕೋರ್ಟಿನ ಕಾವಲು, ಕೈದಿಗಳ ಸಾಗಣೆ, ವಾರಂಟು, ಸಾಲಕ್ಕೆ ಸಿಕ್ಕ ಮನೆಗಳ ಹರಾಜು, ಬಂದೂಕು ಇಟ್ಟುಕೊಳ್ಳುವ ಪರವಾನಗಿ. ಜೈಲು ಕೂಡ ಅವರ ಕೈಯಲ್ಲಿಲ್ಲ. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಶ್ನೆ ಬಂತು. ಡೆಪ್ಯುಟಿಯೊಬ್ಬರು ಸಂಚಾರ ನಿಯಮ ಮುರಿದ ಕಾರನ್ನು ನಿಲ್ಲಿಸಿದ್ದರು, ಅವರಿಗೆ ಆ ಹಕ್ಕು ಇದೆಯೇ? ಇದೆ ಅಂದಿತು ಕೋರ್ಟು. ಶಾಂತಿ ಕಾಯುವುದು ಶೆರಿಫ್‌ನ ನೂರಾರು ವರ್ಷದ ಹಳೆಯ ಅಧಿಕಾರ, ಶಾಸನಸಭೆ ಅದನ್ನು ಕಿತ್ತುಕೊಂಡಿಲ್ಲ, ಹಾಗಾಗಿ ಕಣ್ಣೆದುರೇ ತಪ್ಪು ನಡೆದರೆ ಡೆಪ್ಯುಟಿ ಹಿಡಿಯಬಹುದು. ಆದರೆ ಒಂದು ಷರತ್ತು, ಪೊಲೀಸರಿಗೆ ಕೊಡುವಂಥದ್ದೇ ತರಬೇತಿ ಅವರಿಗೂ ಆಗಿರಬೇಕು.

ಇದನ್ನು ಓದಿದ ಶೆರಿಫ್‌ಗಳಿಗೆ, ತರಬೇತಿ ಪಡೆದರೆ ನಾವೂ ಪೊಲೀಸರೇ ಅನ್ನುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಮುಂದಿನ ಇಪ್ಪತ್ತು ವರ್ಷ ಅದೇ ಕೋರ್ಟು ಆ ಬಾಗಿಲನ್ನು ಒಂದೊಂದಾಗಿ ಮುಚ್ಚುತ್ತಾ ಬಂತು. 2006ರಲ್ಲಿ, ಫೋನ್ ಕದ್ದಾಲಿಕೆ ಕಾನೂನಿನ ಪ್ರಕಾರ ಶೆರಿಫ್‌ಗಳು ತನಿಖಾಧಿಕಾರಿಗಳಲ್ಲ ಎಂದಿತು. 2007ರಲ್ಲಿ, ಡ್ರಗ್ಸ್ ತಯಾರಿಸುವ ಜಾಗವೊಂದನ್ನು ತಾವೇ ತನಿಖೆ ಮಾಡಿ ಹಿಡಿದ ಡೆಪ್ಯುಟಿಗಳಿಗೆ ಅಂಥ ಸ್ವತಂತ್ರ ತನಿಖೆಯ ಅಧಿಕಾರ ಇಲ್ಲ ಎಂದಿತು. 2013ರಲ್ಲಿ ಫಾರೆಸ್ಟ್ ಕೌಂಟಿಯ ಡೆಪ್ಯುಟಿಗಳು ರಸ್ತೆಯಲ್ಲಿ ನಾಕಾ ಹಾಕಿ ಕುಡಿದು ಗಾಡಿ ಓಡಿಸುವವರನ್ನು ಹಿಡಿದ ಪ್ರಕರಣ ಬಂತು. ಅದೂ ಆಗುವುದಿಲ್ಲ ಎಂದಿತು. ಕಣ್ಣೆದುರಿನ ತಪ್ಪಿಗೆ ಹಿಡಿಯುವುದು ಬೇರೆ, ಯಾವ ಅನುಮಾನವೂ ಇಲ್ಲದೆ ಬರುವ ಗಾಡಿಗಳನ್ನೆಲ್ಲ ನಿಲ್ಲಿಸುವುದು ಬೇರೆ. ಎರಡನೆಯದಕ್ಕೆ ಶಾಸನವೇ ಬೇಕು.

ಈ ತೀರ್ಪುಗಳು ಸರಿ ಅಂತಲೇ ನನ್ನ ಅಭಿಪ್ರಾಯ. ಕಲಿತಿದ್ದೇನೆ ಅನ್ನುವ ಕಾರಣಕ್ಕೆ ಯಾರಿಗೂ ಇನ್ನೊಬ್ಬರ ಗಾಡಿ ನಿಲ್ಲಿಸುವ ಹಕ್ಕು ಬರುವುದಿಲ್ಲ, ಅದನ್ನು ಕೊಡಬೇಕಾದವರು ಶಾಸಕರು. ಆದರೆ ಇದರ ನಷ್ಟವೂ ಸಣ್ಣದಲ್ಲ. ಪೆನ್ಸಿಲ್ವೇನಿಯಾದ ನೂರಾರು ಸಣ್ಣ ಊರುಗಳಿಗೆ ಸ್ವಂತ ಪೊಲೀಸ್ ಇಲ್ಲ, ದೂರದ ಠಾಣೆಯಿಂದ ರಾಜ್ಯ ಪೊಲೀಸರು ಬರುವ ತನಕ ಕಾಯಬೇಕು. ಅದೇ ಊರಿನ ದಾರಿಯಲ್ಲಿ ಗಾಡಿ, ಬಂದೂಕು, ತರಬೇತಿ ಎಲ್ಲ ಇರುವ ಡೆಪ್ಯುಟಿ ಸಮನ್ಸ್ ಹಿಡಿದು ಹೋಗುತ್ತಿರುತ್ತಾನೆ, ತನಿಖೆ ಮಾತ್ರ ಮಾಡುವಂತಿಲ್ಲ. ಪಕ್ಕದ ಡೆಲವೇರ್ ಇನ್ನೂ ಕಟ್ಟುನಿಟ್ಟು. ಅಲ್ಲಿ ಶೆರಿಫ್‌ಗೆ ಬಂಧಿಸುವ ಅಧಿಕಾರವೇ ಇಲ್ಲ ಅಂತ 2012ರಲ್ಲಿ ಕಾನೂನು ಮಾಡಿದರು. ಸಸೆಕ್ಸ್ ಕೌಂಟಿಯ ಶೆರಿಫ್ ಕೋರ್ಟಿಗೆ ಹೋದರು, 2013ರಲ್ಲಿ ಸೋತರು.

ಈಗ ಬಾಸ್ ವಿಷಯ. ಪೊಲೀಸ್ ಚೀಫ್ ಎಡವಿದರೆ ಮೇಯರ್ ರಾತ್ರೋರಾತ್ರಿ ತೆಗೆದುಹಾಕಬಹುದು. ಗೆದ್ದು ಬಂದ ಶೆರಿಫ್‌ನನ್ನು ತೆಗೆಯುವುದು ದೊಡ್ಡ ರಾದ್ಧಾಂತ. ಬ್ರೋವರ್ಡ್‌ನಲ್ಲಿ ಗವರ್ನರ್ ರಾನ್ ಡಿಸ್ಯಾಂಟಿಸ್ ಜನವರಿ 2019ರಲ್ಲಿ ಇಸ್ರೇಲ್ ಅವರನ್ನು ಅಮಾನತು ಮಾಡಿದರು, ಆ ವರ್ಷ ಅಕ್ಟೋಬರ್‌ನಲ್ಲಿ ರಾಜ್ಯದ ಸೆನೆಟ್ ಒಪ್ಪಿದ ಮೇಲೆಯೇ ಅದು ಗಟ್ಟಿಯಾದದ್ದು. ಫ್ಲಾರಿಡಾದ ಗವರ್ನರ್‌ಗೆ ಆ ಅಧಿಕಾರ ಇದೆ, ಎಲ್ಲ ಕಡೆ ಇಲ್ಲ. ಕ್ಯಾಲಿಫೋರ್ನಿಯಾದ ಸಾನ್ ಮಟೇಯೊ ಕೌಂಟಿಯಲ್ಲಿ ಶೆರಿಫ್ ಕ್ರಿಸ್ಟೀನಾ ಕಾರ್ಪಸ್ ಅವರನ್ನು ಇಳಿಸಲು ಮೊದಲು ಮಾರ್ಚ್ 2025ರಲ್ಲಿ ಜನರ ಓಟು ಪಡೆದು ಕೌಂಟಿ ಮಂಡಳಿಗೆ ಆ ಅಧಿಕಾರ ಕೊಡಬೇಕಾಯಿತು, ಆಮೇಲೆ ವಿಚಾರಣೆ, ಕೊನೆಗೆ ಅಕ್ಟೋಬರ್‌ನಲ್ಲಿ ವಜಾ. ಕ್ಯುಪರ್ಟಿನೋಗೆ ಡೆಪ್ಯುಟಿಗಳನ್ನು ಕಳಿಸುವ ಸಾಂಟಾ ಕ್ಲಾರಾ ಕೌಂಟಿಯಲ್ಲೂ 1998ರಿಂದ ಶೆರಿಫ್ ಆಗಿದ್ದ ಲಾರಿ ಸ್ಮಿತ್, ಬಂದೂಕು ಪರವಾನಗಿ ಕೊಡುವುದರಲ್ಲಿ ಭ್ರಷ್ಟಾಚಾರದ ಆರೋಪದ ವಿಚಾರಣೆ ಮುಗಿಯುವ ಹೊತ್ತಿಗೆ, 2022ರ ಅಕ್ಟೋಬರ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥೆ ಎಂದಿತು.

ಅರಿಜೋನಾದ ಮರಿಕೋಪಾ ಕೌಂಟಿ ಇದರ ತೀರಾ ಕೆಟ್ಟ ಮಾದರಿ. ಅಲ್ಲಿನ ಶೆರಿಫ್ ಜೋ ಅರ್ಪಾಯೋ ಅವರ ಡೆಪ್ಯುಟಿಗಳಿಗೆ ವಲಸೆ ಕಾನೂನಿನ ವಿಶೇಷ ತರಬೇತಿಯನ್ನೂ ಕೇಂದ್ರ ಸರ್ಕಾರವೇ ಕೊಟ್ಟಿತ್ತು. 2013ರಲ್ಲಿ ಫೆಡರಲ್ ಕೋರ್ಟು, ಇವರು ಚಹರೆ ನೋಡಿ ಲ್ಯಾಟಿನೋ ಜನರ ಗಾಡಿ ನಿಲ್ಲಿಸುತ್ತಿದ್ದಾರೆ ಅಂತ ತೀರ್ಪು ಕೊಟ್ಟಿತು. ಅವರು ಹುದ್ದೆ ಬಿಟ್ಟಿದ್ದು 2016ರ ಚುನಾವಣೆಯಲ್ಲಿ ಸೋತ ಮೇಲೆ. ಕೋರ್ಟಿನ ಆದೇಶ ಮೀರಿದ್ದಕ್ಕೆ 2017ರಲ್ಲಿ ಅಪರಾಧಿ ಎಂದಾಯಿತು, ಮರುತಿಂಗಳೇ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು.

ಅದೇ ತರಬೇತಿ, ಅದೇ ಕಾನೂನು ಈಗ ದೇಶದ ತುಂಬ ಸುದ್ದಿ. 1996ರಲ್ಲಿ ಬಂದ 287(ಜಿ) ಎಂಬ ಕಲಮಿನ ಪ್ರಕಾರ ಸ್ಥಳೀಯ ಪೊಲೀಸರು ಮತ್ತು ಶೆರಿಫ್‌ಗಳು ಕೇಂದ್ರದ ವಲಸೆ ಇಲಾಖೆ ಐಸ್ ಜೊತೆ ಒಪ್ಪಂದ ಮಾಡಿಕೊಂಡು ವಲಸೆ ಅಧಿಕಾರಿಗಳ ಕೆಲವು ಅಧಿಕಾರ ಪಡೆಯಬಹುದು. ಜೈಲಿನೊಳಗೆ ಮಾತ್ರ ನಡೆಯುವ ಬಗೆಗಳಿವೆ. ಬೀದಿಯಲ್ಲೇ ವಿಚಾರಿಸುವ ಇನ್ನೊಂದು ಬಗೆಯನ್ನು 2012ರಲ್ಲಿ ನಿಲ್ಲಿಸಿದ್ದರು, 2025ರಲ್ಲಿ ಮತ್ತೆ ಶುರು ಮಾಡಿದರು. ಮೊದಲು ಇದಕ್ಕೆ ವಾರಗಟ್ಟಲೆ ಕೂತು ಕಲಿಯುವ ಕೋರ್ಸ್ ಇತ್ತು, ಈಗ 40 ಗಂಟೆಯ ಆನ್‌ಲೈನ್ ಪಾಠ. 2025ರ ಆರಂಭದಲ್ಲಿ 135ರಷ್ಟಿದ್ದ ಒಪ್ಪಂದಗಳು ವರ್ಷ ಮುಗಿಯುವುದರೊಳಗೆ ಸಾವಿರ ದಾಟಿದವು. ಅದರಲ್ಲಿ ಶೆರಿಫ್‌ಗಳದ್ದು ದೊಡ್ಡ ಪಾಲು. ಜೈಲು ಅವರ ಕೈಯಲ್ಲಿದೆ, ಸಹಿ ಹಾಕಲು ಹೆಚ್ಚಿನ ಕಡೆ ಮೇಯರ್‌ನನ್ನು ಕೇಳಬೇಕಾಗಿಲ್ಲ, ಓಟು ಹಾಕುವವರಿಗೆ ಇಷ್ಟವಾದರೆ ಸಾಕು. ವಲಸೆ ಕಾನೂನು ಎಷ್ಟು ಸಿಕ್ಕುಸಿಕ್ಕು ಅನ್ನುವುದು ಎಚ್-1ಬಿ ವೀಸಾ ನವೀಕರಿಸಿದ ಯಾರಿಗಾದರೂ ಗೊತ್ತು. ಅದನ್ನು 40 ಗಂಟೆಯಲ್ಲಿ ಕಲಿತು ರಸ್ತೆ ಬದಿಯಲ್ಲಿ ನಿಂತು ತೀರ್ಮಾನಿಸುವುದು ಅಂದರೆ ನನಗಂತೂ ದಿಗಿಲು.

ಇಲ್ಲೊಂದು ತಮಾಷೆ ಇದೆ. ಕೇಂದ್ರ ಸರ್ಕಾರ ಶೆರಿಫ್‌ಗಳಿಗೆ ಬಲವಂತ ಮಾಡುವಂತಿಲ್ಲ, ಒಪ್ಪಂದವೇ ಬೇಕು. ಯಾಕೆ? 1997ರಲ್ಲಿ ಮೊಂಟಾನಾ ಮತ್ತು ಅರಿಜೋನಾದ ಇಬ್ಬರು ಶೆರಿಫ್‌ಗಳು, ಬಂದೂಕು ಕೊಳ್ಳುವವರ ಹಿನ್ನೆಲೆ ಪರೀಕ್ಷಿಸಿ ಅಂತ ಕೇಂದ್ರ ನಮಗೆ ಆಜ್ಞೆ ಮಾಡುವಂತಿಲ್ಲ ಎಂದು ಹಾಕಿದ ಕೇಸನ್ನು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಗೆದ್ದರು. ಬಂದೂಕಿನ ಪರ ನಿಂತವರು ಗೆದ್ದುಕೊಟ್ಟ ಆ ತೀರ್ಪನ್ನೇ ಇವತ್ತು ಐಸ್‌ಗೆ ಸಹಕರಿಸುವುದಿಲ್ಲ ಅನ್ನುವ ನಗರಗಳೂ ಕೌಂಟಿಗಳೂ ಎದುರಿಗೆ ಹಿಡಿಯುತ್ತಿವೆ. ಆದರೆ ರಾಜ್ಯಗಳಿಗೆ ಆ ತಡೆ ಇಲ್ಲ. ಜೈಲು ನಡೆಸುವ ಶೆರಿಫ್‌ಗಳು ಇಂಥ ಒಪ್ಪಂದಕ್ಕೆ ಬರಲೇಬೇಕು ಅಂತ ಟೆಕ್ಸಾಸ್ 2025ರಲ್ಲಿ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾ 2017ರಲ್ಲೇ ಇಂಥ ಒಪ್ಪಂದ ಬೇಡ ಅಂತ ಕಾನೂನು ಮಾಡಿತ್ತು. ಹಾಗಾಗಿ ಟೆಕ್ಸಾಸ್‌ನ ಡಲ್ಲಾಸ್ ಸುತ್ತಲಿನ ಕನ್ನಡ ಮನೆಗೂ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ಮನೆಗೂ 'ಶೆರಿಫ್ ಬಂದರು' ಅನ್ನುವ ಮಾತಿನ ತೂಕ ಒಂದೇ ಅಲ್ಲ.

ಮಯಾಮಿ-ಡೇಡ್ ಕೌಂಟಿಯ ಕತೆಯನ್ನೂ ಹೇಳಿಬಿಡುತ್ತೇನೆ. ಅಲ್ಲಿ 1966ರಲ್ಲಿ ಚುನಾಯಿತ ಶೆರಿಫ್ ಹುದ್ದೆಯನ್ನೇ ತೆಗೆದುಹಾಕಿದ್ದರು. 2018ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯಾಯಿತು, ಹುದ್ದೆ ವಾಪಸ್ ಬಂತು, 2024ರಲ್ಲಿ ಚುನಾವಣೆ ನಡೆಯಿತು. ಜನವರಿ 2025ರಲ್ಲಿ ಕೌಂಟಿ ಪೊಲೀಸ್ ಇಲಾಖೆ ಹೋಗಿ ಶೆರಿಫ್ ಆಫೀಸು ಬಂತು. ಅವರೇ ಆಫೀಸರ್‌ಗಳು, ಅದೇ ತರಬೇತಿ, ಬ್ಯಾಡ್ಜು ಮಾತ್ರ ಹೊಸದು. ಹಿಂದಿನ ದಿನದವರೆಗೆ ಅವರ ಮುಖ್ಯಸ್ಥರು ಕೌಂಟಿ ಮೇಯರ್‌ಗೆ ಉತ್ತರ ಕೊಡಬೇಕಿತ್ತು, ಮರುದಿನದಿಂದ ಓಟುದಾರರಿಗೆ.

ಓಟುದಾರರು ಅಂದರೆ ಅಮೆರಿಕದ ಪೌರರು. ಎಚ್-1ಬಿಯಲ್ಲಿರುವವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಶೆರಿಫ್ ಚುನಾವಣೆಯಲ್ಲಿ ಓಟಿಲ್ಲ. ಕ್ಯಾಲಿಫೋರ್ನಿಯಾ ಶೆರಿಫ್ ಚುನಾವಣೆಯನ್ನು ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಸರಿಸಿರುವುದರಿಂದ 2022ರಲ್ಲಿ ಗೆದ್ದವರ ಅವಧಿ ಆರು ವರ್ಷ, ಮುಂದಿನ ಓಟು 2028ಕ್ಕೆ. ಆದರೆ ಕ್ಯುಪರ್ಟಿನೋ ಥರದ ಊರಿನಲ್ಲಿ ಇನ್ನೊಂದು ದಾರಿ ಇದೆ. ಶೆರಿಫ್ ಜೊತೆಗಿನ ಗುತ್ತಿಗೆಗೆ ಸಹಿ ಹಾಕುವುದು ಸಿಟಿ ಕೌನ್ಸಿಲ್. ಎಷ್ಟು ಡೆಪ್ಯುಟಿಗಳು ಬೇಕು, ಎಷ್ಟು ದುಡ್ಡು ಕೊಡಬೇಕು ಅನ್ನುವುದು ಅಲ್ಲಿ ಚರ್ಚೆಯಾಗುತ್ತದೆ. ಆ ಸಭೆಯಲ್ಲಿ ಎದ್ದು ನಿಂತು, ನಮ್ಮೂರಿಗೆ ಬರುವ ಡೆಪ್ಯುಟಿಗಳಿಗೆ ಶಾಲೆಯ ದಾಳಿ ಎದುರಿಸುವ ತರಬೇತಿ ಕೊನೆಯದಾಗಿ ಯಾವಾಗ ಆಯಿತು, ನಿಯಮದಲ್ಲಿ 'ಬಹುದು' ಇದೆಯೋ 'ಬೇಕು' ಇದೆಯೋ ಅಂತ ಕೇಳಲು ಯಾವ ವೀಸಾ ಆದರೂ ನಡೆಯುತ್ತದೆ.